ಅಕ್ಕನ ಜೊತೆ ಹೊಸ ಹಡಗಿನಲ್ಲಿ

ಕ್ಯಾಲನೂರು

ನಮ್ಮ ಬೀದಿಯಲ್ಲಿ ಸಮುದ್ರ ದಾಟಿದ ಹೆಂಗಸರು ಇಬ್ಬರೇ, ನಮ್ಮಕ್ಕ ಮುನಿಯಮ್ಮ ಮತ್ತು ನಾನು. ಅಕ್ಕ ಈಗಿಲ್ಲ. ಹಾಗಾಗಿ ಹಡಗು ಹೇಗಿತ್ತು ಎಂದು ಕೇಳುವವರೆಲ್ಲ ನನ್ನನ್ನೇ ಕೇಳುತ್ತಾರೆ. ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಾಗ ಕೇಳುತ್ತಾರೆ, ಸಾವಿನ ಮನೆಯಲ್ಲೂ ಕೇಳುತ್ತಾರೆ. ನನ್ನ ಓದುಬರಹ ಅಷ್ಟಕ್ಕಷ್ಟೆ, ರಾತ್ರಿ ಶಾಲೆಯಲ್ಲಿ ಕಲಿತದ್ದು. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋಯುವುದಕ್ಕಿಂತ ಒಂದು ಸಲ ಬರೆದುಬಿಡುವುದು ವಾಸಿ ಎಂದು ಕೂತಿದ್ದೇನೆ.

ಅಕ್ಕನನ್ನು ಮುಳಬಾಗಿಲು ಕಡೆಗೆ ಕೊಟ್ಟಿದ್ದರು. ಭಾವ ಮಲಯಕ್ಕೆ ರಬ್ಬರು ತೋಟದ ಕೆಲಸಕ್ಕೆ ಹೋದರು, ಅಕ್ಕನೂ ಹಿಂದೆಯೇ ಹೋದಳು. ಅಲ್ಲೇ ಮಗ ಹುಟ್ಟಿದ, ಅಲ್ಲೇ ಭಾವ ಸತ್ತರು. ತೋಟದ ಪಕ್ಕದ ಸುಡುಗಾಡಿನಲ್ಲಿ ಅವರನ್ನು ಹೂಳಿದರು. ಹೆಸರು ಸುಡುಗಾಡೇ ಆದರೂ ನಮ್ಮವರು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಮೂರನೇ ದಿನ ಆ ಮಣ್ಣಿನ ಮೇಲೆ ಹಾಲುತುಪ್ಪ ಬಿಟ್ಟು ಬರುತ್ತೇವೆ. ಆಮೇಲೆ ಅಕ್ಕ ತೋಟ ಬಿಟ್ಟು, ಪಿನಾಂಗು ಎಂಬ ಬಂದರಿನ ಊರಿನಲ್ಲಿದ್ದ ಮಗನ ಮನೆ ಸೇರಿದಳು.

ತಮ್ಮನ ಮಗಳ ಮದುವೆಗೆಂದು ಊರಿಗೆ ಬಂದ ಅಕ್ಕ ಕಾಲು ಊದಿಕೊಂಡು ನಮ್ಮ ಮನೆಯಲ್ಲೇ ಮಲಗಿದಳು. ಕೋಲಾರದ ಡಾಕ್ಟರು ಎದೆ ದಣಿದಿದೆ, ದೂರದ ಪ್ರಯಾಣ ಬೇಡವೇ ಬೇಡ ಎಂದರು. ಅವರ ಎದುರಿಗೇ ಅಕ್ಕ, "ಸಾಯೋದಾದ್ರೆ ಅಲ್ಲೋಗಿ ಸಾಯ್ತೀನಿ. ಅವರ ಪಕ್ಕದಾಗೆ ನಂಗೆ ಜಾಗ ಬಿಟ್ಟವ್ರೆ" ಎಂದಳು.

ನಾನು, ಇಲ್ಲಿ ನೆಲ ಇಲ್ಲವಾ, ಹೊಲದ ಮೂಲೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಇದ್ದಾರೆ, ಅವರ ಕಾಲ ಹತ್ತಿರ ಹಾಕೋಣ ಎಂದೆ. ಬದುಕಿರುವವಳ ಮುಂದೆ ಇದೇನು ಮಾತು ಎಂದು ನನ್ನ ಗಂಡ ಬೈದರು. ಅಕ್ಕ ಬೈಯಲಿಲ್ಲ. ಇಷ್ಟು ದಿನ ಆ ಮಾತನ್ನು ಯಾರೂ ಅವಳ ಜೊತೆ ಆಡಿರಲಿಲ್ಲ.

"ಗಂಡನ್ನ ಅಲ್ಲಿ ಒಬ್ಬನ್ನೇ ಬಿಟ್ಟು, ನಾನು ನಿಮ್ಮ ಹುರುಳಿ ಹೊಲದಾಗೆ ಮಲಗ್ಲಾ?" ಎಂದಳು.

ಅವಳಿಗೆ ಸಾವಿನ ಹೆದರಿಕೆ ಇರಲಿಲ್ಲ. ದಾರಿಯಲ್ಲಿ ಸತ್ತುಬಿಟ್ಟರೆ ಎಂಬ ಹೆದರಿಕೆ ಇತ್ತು. ಹಿಂದೊಮ್ಮೆ ಹಡಗಿನಲ್ಲಿ ಜ್ವರ ಬಂದು ಸತ್ತ ಗಂಡಸನ್ನು ದಪ್ಪ ಬಟ್ಟೆಯಲ್ಲಿ ಹೊಲಿದು, ಕಾಲಿಗೆ ಕಬ್ಬಿಣ ಕಟ್ಟಿ, ಹಲಗೆಯ ಮೇಲಿಂದ ನೀರಿಗೆ ಜಾರಿಸಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಅವನ ಹೆಂಡತಿ ಮೂರನೇ ದಿನ ಲೋಟದಲ್ಲಿ ಹಾಲು ಹಿಡಿದು ಕಂಬಿಯ ಹತ್ತಿರ ನಿಂತಳಂತೆ. ಹಡಗು ಅಷ್ಟರಲ್ಲಿ ಎಲ್ಲಿಂದ ಎಲ್ಲಿಗೋ ಬಂದಿತ್ತು. ಯಾವ ನೀರಿಗೆ ಬಿಡುವುದೆಂದು ತಿಳಿಯದೆ ಅವಳು ಸುಮ್ಮನೆ ನಿಂತೇ ಇದ್ದಳಂತೆ. ಈ ಕಥೆಯನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಕೊನೆಗೆ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. "ನನ್ನ ನೀರಿಗೆ ಹಾಕೋಕೆ ಬಿಡಬೇಡ ಕಣೇ ನಾಗಿ" ಎನ್ನುತ್ತಿದ್ದಳು.

ಜೊತೆಗೆ ಹೋಗಲು ಬೇರೆ ಯಾರೂ ಇರಲಿಲ್ಲ. ಗಂಡನಿಗೆ ಎರಡು ಹಸುಗಳನ್ನು ಒಪ್ಪಿಸಿ ನಾನು ಹೊರಟೆ. ಪಾಸ್‌ಪೋರ್ಟಿಗೆ ಅಲೆದದ್ದು ನನ್ನ ಮಗ. ಆ ಕಥೆ ಅವನೇ ಹೇಳಲಿ.

ಮದರಾಸು ಬಂದರು

ಬಂಗಾರಪೇಟೆಯಲ್ಲಿ ರೈಲು ಹತ್ತಿ ಮದರಾಸಿನಲ್ಲಿ ಇಳಿದೆವು. ಬಂದರಿನ ಷೆಡ್ಡಿನಲ್ಲಿ ಜನ ಸಂತೆಗೆ ಬಂದ ಹಾಗೆ ಕೂತಿದ್ದರು. ಚಾಪೆ ಸುರುಳಿ, ಸೀಮೆಎಣ್ಣೆ ಸ್ಟೌವು, ಉಪ್ಪಿನಕಾಯಿ ಜಾಡಿ, ತೆಂಗಿನಕಾಯಿ ಮೂಟೆ. ಒಬ್ಬಳು ಒರಳುಕಲ್ಲು ಹೊರಿಸಿಕೊಂಡು ಬಂದಿದ್ದಳು. ಇವರೆಲ್ಲ ಹಳೇ ಹಡಗಿಗೆ ಸಿದ್ಧವಾಗಿ ಬಂದವರು. ಆ ಹಡಗನ್ನು ಒಡೆಯಲು ಕೊಟ್ಟಾಯಿತು, ಕಂಪನಿ ಅದರ ಬದಲು ಹೊಸದು ತಂದಿದೆ ಎಂದು ಎಷ್ಟೋ ಜನಕ್ಕೆ ಅಲ್ಲೇ ಗೊತ್ತಾದದ್ದು. ಹೊಸ ಹಡಗಿನಲ್ಲಿ ಯಾರೂ ಬೆಂಕಿ ಹಚ್ಚುವಂತಿಲ್ಲ ಎಂದು ಗೇಟಿನಲ್ಲೇ ಸ್ಟೌವುಗಳನ್ನು ಕಿತ್ತುಕೊಂಡು, ಚೀಟಿ ಅಂಟಿಸಿ, ಕೆಳಗಿನ ಉಗ್ರಾಣಕ್ಕೆ ಕಳಿಸಿದರು. ಒರಳುಕಲ್ಲಿನವಳು ಅದರ ಮೇಲೆ ಕೂತು ಏಳಲಿಲ್ಲ. ಇಬ್ಬರು ಬಂದು ಅವಳನ್ನು ಎಬ್ಬಿಸಬೇಕಾಯಿತು.

ಹಡಗು ಬೆಳ್ಳಗೆ, ಎತ್ತರವಾಗಿ, ಗಾಜಿನ ಕಿಟಕಿಗಳ ಸಾಲಿನೊಂದಿಗೆ ನಿಂತಿತ್ತು. ನನ್ನ ಕಣ್ಣಿಗೆ ಚೆನ್ನಾಗಿಯೇ ಇತ್ತು. ಅಕ್ಕ ಬಹಳ ಹೊತ್ತು ನೋಡಿ, ಆಸ್ಪತ್ರೆ ಇದ್ದ ಹಾಗಿದೆ ಎಂದಳು.

ಅಲ್ಲಿ ನಾಯುಡು ಸಿಕ್ಕಿದರು. ಪಲಮನೇರು ಕಡೆಯವರು, ಬಟ್ಟೆ ವ್ಯಾಪಾರಕ್ಕೆಂದು ಆ ದಡಕ್ಕೂ ಈ ದಡಕ್ಕೂ ಓಡಾಡುತ್ತಲೇ ಮುದುಕರಾದವರು. ಹಿಂದಿನ ಪ್ರಯಾಣದಲ್ಲಿ ಅಕ್ಕನನ್ನು ಕಂಡಿದ್ದರು. ಇಬ್ಬರೂ ತೆಲುಗಿನಲ್ಲಿ ಹಳೇ ಹಡಗನ್ನು ನೆನೆದು ಮಾತಾಡತೊಡಗಿದರು. ಡೆಕ್ಕಿನ ಮೇಲೆ ಒಂದೊಂದು ಸೀಮೆಯವರು ಒಂದೊಂದು ಕಡೆ ಚಾಪೆ ಹಾಸುತ್ತಿದ್ದರು. ಕಂಪನಿ ಅಕ್ಕಿ ಬೇಳೆ ಅಳೆದು ಕೊಟ್ಟರೆ ನಾಲ್ಕು ಮನೆಯವರು ಸೇರಿ ಬೇಯಿಸಿಕೊಳ್ಳುತ್ತಿದ್ದರು. ಸಂಜೆ ಭಜನೆ ಆಗುತ್ತಿತ್ತು. ಕೇಳುತ್ತಾ ಕೂತವರಿಗೆ ಅದು ಹಡಗಲ್ಲ, ನೀರಿನ ಮೇಲೆ ಹೊರಟ ಊರು ಎನ್ನಿಸಬೇಕು, ಹಾಗೆ ಹೇಳುತ್ತಿದ್ದರು.

ಇದೇ ಅಕ್ಕ ನಮ್ಮ ಮನೆಯಲ್ಲಿ ಬೇರೆ ಥರ ಹೇಳಿದ್ದಳು. ಕಕ್ಕಸಿಗೆ ಗೋಣಿತಟ್ಟಿನ ಮರೆಯಲ್ಲಿ ಕೂರಬೇಕಿತ್ತು, ಗಾಳಿಗೆ ಗೋಣಿ ಹಾರುತ್ತಿತ್ತು, ಗಂಡಸರ ಕಣ್ಣು ತಪ್ಪಿಸಲು ಹಗಲೆಲ್ಲ ತಡೆದುಕೊಂಡು ಹೊಟ್ಟೆ ನೋವು ಬಂದಿತ್ತು ಎಂದಿದ್ದಳು. ಅದನ್ನು ನಾಯುಡು ಮುಂದೆಯೇ ನೆನಪಿಸಿದೆ.

"ಅದೂ ಇತ್ತು. ಇರಲಿಲ್ಲ ಅಂದ್ನಾ?" ಎಂದಳು.

ಹಡಗಿನ ಒಳಗೆ

ನಮಗೆ ಸಿಕ್ಕಿದ್ದು ಕೆಳಗಿನ ಅಂತಸ್ತಿನ ಒಂದು ಕೋಣೆ. ಒಂದರ ಮೇಲೊಂದು ಕಬ್ಬಿಣದ ಮಂಚ. ಕಿಟಕಿ ಇಲ್ಲ. ತಣ್ಣನೆ ಗಾಳಿ ಮೇಲಿನ ತೂತಿನಿಂದ ಬೀಳುತ್ತಲೇ ಇರುತ್ತದೆ, ಅದನ್ನು ನಿಲ್ಲಿಸುವ ಗುಂಡಿ ನಮ್ಮ ಕೈಯಲ್ಲಿಲ್ಲ. ಅಕ್ಕ ನನ್ನ ಸೀರೆಯನ್ನೂ ಹೊದ್ದುಕೊಂಡಳು. ಆ ತೂತಿಗೆ ನಾನು ಹಳೆಯ ರವಿಕೆ ತುರುಕಿದೆ. ಮಾರನೇ ದಿನ ಅದು ಮಡಿಸಿದ ಹಾಗೆ ಮಂಚದ ಮೇಲಿತ್ತು.

ಅದನ್ನು ತೆಗೆದು ಇಟ್ಟವನು ಪೀಟರು. ಬಿಳಿ ಷರಟಿನ ಹಡಗಿನ ಆಳು, ಮಂಗಳೂರು ಕಡೆಯವನು. ಅವನ ಕನ್ನಡ ಪುಸ್ತಕದ ಹಾಗೆ. ಅವನಿಗೂ ನಮಗೂ ಇನ್ನೊಂದು ಜಗಳ ಇತ್ತು. ಆ ಹಡಗಿನಲ್ಲಿ ಪ್ರತಿ ಬಾಗಿಲ ಕೆಳಗೂ ಗೇಣೆತ್ತರದ ಕಬ್ಬಿಣದ ಪಟ್ಟಿ ಇದೆ, ನೀರು ಒಳಗೆ ಬರದಿರಲಿ ಎಂದು. ಅದನ್ನು ದಾಟಿಯೇ ಒಳಗೆ ಹೋಗಬೇಕು. ದಾಟಿ ಹೋಗುವುದಾದರೆ ಅದು ಹೊಸ್ತಿಲು. ಹೊಸ್ತಿಲು ಬರಿದಾಗಿರಬಾರದು. ನಾನು ಬೆಳಿಗ್ಗೆ ಎದ್ದ ಕೂಡಲೇ ಅದಕ್ಕೆ ಅರಿಶಿನ ಬಳಿದು ಕುಂಕುಮ ಇಟ್ಟೆ. ಪೀಟರು ತುಕ್ಕು ಹಿಡಿದಿದೆ ಎಂದುಕೊಂಡು ಉಜ್ಜಿ ತೆಗೆದ. ನಾನು ಮತ್ತೆ ಇಟ್ಟೆ. ಅವನು ಮತ್ತೆ ಒರೆಸಿದ. ಆಮೇಲೆ ಬಂದು, "ಅಮ್ಮಾ, ನನಗೆ ಮೇಲಿನವರು ಬೈತಾರೆ ಮಾರಾಯ್ರೆ" ಎಂದ. ಹಾಗಾದರೆ ನೀನು ಒರೆಸಿದ ಮೇಲೆ ಇಡುತ್ತೇನೆ ಎಂದೆ. ಅಲ್ಲಿಗೆ ರಾಜಿಯಾಯಿತು. ಆ ಓಣಿಯಲ್ಲಿ ಎಲ್ಲ ಬಾಗಿಲೂ ಒಂದೇ ಥರ. ಬಣ್ಣ ಇದ್ದದ್ದು ನಮ್ಮದಕ್ಕೆ ಮಾತ್ರ, ಹಾಗಾಗಿ ನಾನು ದಾರಿ ತಪ್ಪಲಿಲ್ಲ. ಉಳಿದ ಹೆಂಗಸರು ತಪ್ಪಿ ಬೇರೆಯವರ ಮಂಚದ ಮೇಲೆ ಮಲಗಿ ಬೈಸಿಕೊಂಡರು.

ಕಕ್ಕಸಿನ ವಿಷಯ ಬರೆಯಲೇಬೇಕು, ಎಲ್ಲರೂ ಅದನ್ನೇ ಕೇಳುತ್ತಾರೆ. ಅದು ಕುರ್ಚಿ ಥರದ್ದು. ನಾನು ಅದರ ಮೇಲೆ ಹತ್ತಿ ಕುಕ್ಕರಗಾಲಲ್ಲಿ ಕೂತೆ. ಹಡಗು ಒಂದು ಪಕ್ಕಕ್ಕೆ ವಾಲಿತು. ನಾನು ಬಾಗಿಲಿಗೆ ಹೋಗಿ ಬಡಿದುಕೊಂಡೆ. ಮಂಡಿ ಈಗಲೂ ಚಳಿಗಾಲದಲ್ಲಿ ನೋಯುತ್ತದೆ. ಆದರೆ ಆ ಬಾಗಿಲಿಗೆ ಚಿಲಕ ಇತ್ತು, ನೀರು ಇತ್ತು. ಗೋಣಿತಟ್ಟಿಗಿಂತ ಲಕ್ಷ ಪಾಲು ವಾಸಿ ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ.

ಇದನ್ನೇ ಸರೋಜಳೂ ಹೇಳಿದಳು. ನಮ್ಮ ಕೋಣೆಯಲ್ಲಿದ್ದ ಬಂಗಾರಪೇಟೆಯ ಹುಡುಗಿ, ಮಲಯದ ಕ್ಲಾಂಗಿನಲ್ಲಿ ಗಂಡನ ಮನೆ, ಕಂಕುಳಲ್ಲಿ ಹಾಲು ಕುಡಿಯುವ ಮಗು. ಅವಳಿಗೆ ಹೊಸ ಹಡಗು ತವರುಮನೆಗಿಂತ ಇಷ್ಟವಾಗಿತ್ತು. ಹಿಂದಿನ ಸಲ ಹಳೇ ಹಡಗಿನಲ್ಲಿ ಕುಡಿದ ಗಂಡಸೊಬ್ಬ ರಾತ್ರಿಯೆಲ್ಲ ಅವಳ ಚಾಪೆಯ ಮೇಲೆ ಕಾಲು ಚಾಚುತ್ತಿದ್ದನಂತೆ. ಇಲ್ಲಿ ಬಾಗಿಲು ಹಾಕಿಕೊಂಡು ಮಗುವಿಗೆ ಹಾಲು ಕೊಡಬಹುದು. ಸಿನಿಮಾ ಹಾಕುತ್ತಾರೆ. ಅನ್ನ ತಟ್ಟೆಗೆ ಬೀಳುತ್ತದೆ.

ಅನ್ನ ಬೀಳುವುದೇನೋ ಸರಿ. ಗಂಟೆ ಬಾರಿಸಿದಾಗ ಸಾಲಾಗಿ ನಿಂತು, ಗುಂಡಿಗಳಿರುವ ತಗಡಿನ ತಟ್ಟೆ ಒಡ್ಡಬೇಕು. ಹುಳಿ, ಪಲ್ಯ, ಸಿಹಿ ಎಲ್ಲ ಒಂದೇ ರುಚಿ. ಅಕ್ಕನಿಗೆ ಒಂದು ತುತ್ತೂ ಇಳಿಯಲಿಲ್ಲ. ನಾನು ಮನೆಯಿಂದ ತಂದಿದ್ದ ರಾಗಿ ಹುರಿಹಿಟ್ಟಿಗೆ ಬೆಲ್ಲ, ಬಿಸಿನೀರು ಹಾಕಿ ಕಲಸಿ ಕೊಟ್ಟೆ. ಅದೊಂದನ್ನು ತಿಂದಳು.

ನಾಗಪಟ್ಟಣ

ನಾಗಪಟ್ಟಣದಲ್ಲಿ ಹಡಗು ದಡಕ್ಕೆ ಹೋಗಲಿಲ್ಲ. ದೂರದಲ್ಲಿ ನಿಂತಿತು, ಜನ ದೋಣಿಯಲ್ಲಿ ಬಂದು ಹತ್ತಿದರು. ನಾನು ಅಕ್ಕನನ್ನು ಗಾಳಿಗೆಂದು ಮೇಲೆ ಕರೆದುಕೊಂಡು ಹೋದೆ. ಡೆಕ್ಕಿನಲ್ಲಿ ಸ್ವಲ್ಪ ಜಾಗ ಮಾತ್ರ ನಮಗೆ, ಉಳಿದದ್ದಕ್ಕೆ ಹಗ್ಗ ಕಟ್ಟಿ ಕುರ್ಚಿ ಹಾಕಿದ್ದರು. ಅಕ್ಕ ಚಾಪೆ ಬಿಡಿಸಿ ಮಲಗಿದಳು. ಸೀಟಿ ಹಿಡಿದವನೊಬ್ಬ ಬಂದು, ಮಲಗಬಾರದು, ಕೂರಬಹುದು ಎಂದ. ಕೂತರೆ ಅವಳಿಗೆ ಉಸಿರು ಸಿಗುತ್ತಿರಲಿಲ್ಲ.

ಅಲ್ಲಿದ್ದವರಲ್ಲಿ ಅದೇ ಮಾತು. ಹಳೇದು ಒಳ್ಳೇದು, ಹೊಸದು ಒಳ್ಳೇದು. ಮುದುಕರೆಲ್ಲ ಹಳೇದರ ಕಡೆ ಎನ್ನುವಂತಿಲ್ಲ. ಒರಳುಕಲ್ಲಿನವಳು ಆಗಲೇ ಪಕ್ಷ ಬದಲಾಯಿಸಿದ್ದಳು. ಹುಟ್ಟಿದ ಮೇಲೆ ಇಷ್ಟು ದಿನ ಒಲೆ ಮುಂದೆ ಕೂರದೆ ಇದ್ದದ್ದು ಇದೇ ಮೊದಲು ಎಂದಳು. ನಾಯುಡು ಮಾತ್ರ ಒಪ್ಪಲಿಲ್ಲ. ಹಿಂದೆ ಯಾರಿಗಾದರೂ ವಾಂತಿಯಾದರೆ ಹತ್ತು ಚಾಪೆ ಆಚೆಯಿಂದ ನಿಂಬೆಹಣ್ಣು ಬರುತ್ತಿತ್ತು, ಈಗ ಗೋಡೆಯಾಚೆ ಮನುಷ್ಯ ಸತ್ತರೂ ಗೊತ್ತಾಗುವುದಿಲ್ಲ ಎಂದರು. ಸರೋಜ ಮಗುವನ್ನು ತೊಡೆಯ ಮೇಲೆ ಕುಣಿಸುತ್ತಾ, "ಗೋಡೆ ಇರೋದಕ್ಕೇ ತಾತ ನಾನು ನಿದ್ದೆ ಮಾಡಿದ್ದು" ಎಂದಳು. ಎಲ್ಲರೂ ನಕ್ಕರು, ನಾಯುಡು ಕೂಡ.

ಅಕ್ಕ ನಗಲಿಲ್ಲ. ಅವಳ ತುಟಿ ನೀಲಿಯಾಗಿತ್ತು.

ನಡುನೀರು

ನಾಗಪಟ್ಟಣ ಬಿಟ್ಟ ಮೇಲೆ ಅವಳು ಮಂಚದಿಂದ ಏಳಲಿಲ್ಲ. ಕಾಲು ಕಂಬದ ಹಾಗೆ ಊದಿತು. ದಿಂಬಿಗೆ ಒರಗಿ ಕೂತೇ ನಿದ್ದೆ. ಹಡಗಿನಲ್ಲಿ ಡಾಕ್ಟರು ಇದ್ದಾರೆ ಎಂದರೆ ಬೇಡ ಎಂದು ಕಣ್ಣಲ್ಲೇ ಹೆದರಿಸಿದಳು. ಅವಳು ಕಂಡ ಹಾಗೆ, ಆ ಜ್ವರದವನ ಹತ್ತಿರ ಮೊದಲು ಬಂದದ್ದು ಡಾಕ್ಟರು, ಆಮೇಲೆ ಸೂಜಿದಾರದವನು. ನಾನು ಅವಳ ಮಾತು ಕೇಳಲಿಲ್ಲ. ಪೀಟರಿಗೆ ಹೇಳಿದೆ.

ಡಾಕ್ಟರು ಮದರಾಸಿನ ಚಿಕ್ಕ ವಯಸ್ಸಿನವರು. ಎದೆ ಮುಟ್ಟಿ ನೋಡಿ, ಹಡಗಿನ ಆಸ್ಪತ್ರೆಯ ಕೋಣೆಗೆ ಸೇರಿಸಬೇಕು ಎಂದರು. ಅಲ್ಲಿ ಗಾಳಿಯ ಸಿಲಿಂಡರು, ಸೂಜಿ, ಬಿಳಿ ಹಾಸಿಗೆ ಎಲ್ಲ ಇತ್ತು. ಅಕ್ಕನನ್ನು ಮಲಗಿಸಿದ ಮೇಲೆ ನಾನು ಹೊರಗೆ ಬಂದು ಪೀಟರಿನ ಮೂಲಕ ಅವರನ್ನು ಒಂದು ಮಾತು ಕೇಳಿದೆ.

"ಸತ್ತರೆ ಏನು ಮಾಡ್ತೀರಿ ಅಂತ ಕೇಳಪ್ಪ."

ಪೀಟರು ಹಿಂದುಮುಂದು ನೋಡಿದ. ಹಾಗೆಲ್ಲ ಯೋಚಿಸಬಾರದು ಅಮ್ಮಾ ಎಂದ. ಯೋಚಿಸುವುದು ನನ್ನ ಕೆಲಸ, ಕೇಳುವುದು ನಿನ್ನ ಕೆಲಸ ಎಂದೆ. ಕೇಳಿದ. ಡಾಕ್ಟರು ನನ್ನ ಮುಖ ನೋಡಿ, ಸುಳ್ಳು ಹೇಳಿ ಪ್ರಯೋಜನವಿಲ್ಲ ಎಂದು ತಿಳಿದುಕೊಂಡರೋ ಏನೋ, ನೇರವಾಗಿ ಹೇಳಿದರು. ಈ ಹಡಗಿನಲ್ಲಿ ಅದಕ್ಕೆಂದೇ ಒಂದು ತಣ್ಣನೆ ಕೋಣೆ ಕೆಳಗಿದೆ. ದಡ ಹತ್ತಿರವಿದೆ. ಯಾರನ್ನೂ ನೀರಿಗೆ ಹಾಕುವುದಿಲ್ಲ, ಪಿನಾಂಗಿನಲ್ಲಿ ಮಗನಿಗೆ ಒಪ್ಪಿಸುತ್ತೇವೆ.

ನಾನು ಒಳಗೆ ಹೋಗಿ ಅಕ್ಕನಿಗೆ ಹಾಗೆಯೇ ಹೇಳಿದೆ. ಅವಳು ಮೂಗಿನ ಮೇಲಿನ ರಬ್ಬರು ಸರಿಸಿದಳು.

"ಐಸಿನಾಗೆ ಇಡ್ತಾರಾ?"

"ಇಡ್ತಾರಂತೆ."

"ಇಳಿಸ್ತಾರಾ?"

"ಇಳಿಸ್ತಾರಂತೆ."

ಸ್ವಲ್ಪ ಹೊತ್ತು ಮೇಲಿನ ದೀಪ ನೋಡಿದಳು. "ಹಂಗಾದ್ರೆ ಒಳ್ಳೇ ಹಡಗೇ ಕಣೇ" ಎಂದಳು. ಮದರಾಸು ಬಿಟ್ಟ ಮೇಲೆ ಅವಳು ನಕ್ಕಿದ್ದು ಆಗಲೇ. ಒಂದಿಷ್ಟು ಹುರಿಹಿಟ್ಟು ಕಲಸು ಎಂದಳು. ಪೂರಾ ತಿಂದಳು.

ಈ ಸುದ್ದಿ ಹೇಗೋ ಎಲ್ಲರಿಗೂ ತಿಳಿಯಿತು. ಅಲ್ಲಿಂದ ಜಗಳ ಬೇರೆ ದಾರಿ ಹಿಡಿಯಿತು. ನಾಯುಡು ನನ್ನನ್ನು ಓಣಿಯಲ್ಲಿ ನಿಲ್ಲಿಸಿ, ಮನುಷ್ಯರನ್ನು ಮೀನಿನ ಹಾಗೆ ಐಸಿನಲ್ಲಿಡುವುದೇ, ಸಮುದ್ರವಾದರೆ ಗಂಗೆಗೆ ಸಮಾನ, ಮಂತ್ರ ಹೇಳಿ ಬಿಟ್ಟರೆ ಪುಣ್ಯ ಎಂದರು. ಒರಳುಕಲ್ಲಿನವಳು ತನ್ನ ಗಂಡನನ್ನು ಕರೆದು, ನನಗೆ ಏನಾದರೂ ಆದರೆ ನನ್ನನ್ನೂ ಆ ಕೋಣೆಯಲ್ಲೇ ಇಡಿಸು ಎಂದು ಎಲ್ಲರ ಮುಂದೆ ಹೇಳಿದಳು. ಊಟದ ಸಾಲಿನಲ್ಲಿ ಹಿಂದಿನಿಂದ ಮುಂದಿನವರೆಗೂ ಅದೇ ಮಾತು. ಮೊದಲೆಲ್ಲ ಹಾಸಿಗೆ ಹೇಗೆ, ಅನ್ನ ಹೇಗೆ ಎಂದು ಜಗಳವಾಡುತ್ತಿದ್ದ ಜನ ಈಗ ಸಾವು ಹೇಗೆ ಎಂದು ಜಗಳವಾಡಿದರು. ಅಕ್ಕ ಒಬ್ಬಳಿಗೇ ಯಾವ ಅನುಮಾನವೂ ಉಳಿದಿರಲಿಲ್ಲ.

ಆದರೆ ಆಸ್ಪತ್ರೆಯ ಕೋಣೆಯಲ್ಲಿ ನೋಡಲು ಬರುವವರಿಗೆ ಇಂತಿಷ್ಟೇ ಹೊತ್ತು ಎಂದಿತ್ತು. ಗಂಟೆ ಬಾರಿಸಿದರೆ ಹೊರಗೆ ಹೋಗಬೇಕು. ಇದು ನನ್ನಕ್ಕ ಎಂದರೂ ಬಿಡುವುದಿಲ್ಲ. ಒಂದು ಮಧ್ಯಾಹ್ನ ಹಾಗೆ ಹೊರಗೆ ಕಳಿಸಿದಾಗ ಹೊಟ್ಟೆ ಹಸಿದಿತ್ತು, ಸಾಲಿನಲ್ಲಿ ನಿಂತೆ. ತಟ್ಟೆಗೆ ಅನ್ನ ಬಿದ್ದಿತ್ತು, ಸಾರು ಇನ್ನೂ ಬಿದ್ದಿರಲಿಲ್ಲ. ಪಕ್ಕದ ದೊಡ್ಡ ಕೋಣೆಯಲ್ಲಿ ಯಾವುದೋ ತಮಿಳು ಸಿನಿಮಾ ನಡೆಯುತ್ತಿತ್ತು, ಜನ ನಗುತ್ತಿದ್ದರು. ಪೀಟರು ಬಂದು ನನ್ನ ಮೊಣಕೈ ಹಿಡಿದ. ತಟ್ಟೆ ಅಲ್ಲೇ ಇಟ್ಟು ಅವನ ಹಿಂದೆ ಹೋದೆ.

ಅವಳ ಬಾಯಿಗೆ ಒಂದು ಹನಿ ನೀರು ಬಿಡಲು ಯಾರೂ ಇರಲಿಲ್ಲ. ಡಾಕ್ಟರು ಇದ್ದರು, ನರ್ಸು ಇದ್ದಳು. ಅವರು ಸೂಜಿ ಚುಚ್ಚುತ್ತಿದ್ದರಂತೆ.

ನಾನು ಅವಳ ಮುಖ ಒರೆಸಿ ಕಣ್ಣು ಮುಚ್ಚಿದೆ. ಜೋರಾಗಿ ಅಳಬಾರದು, ಬೇರೆ ಪ್ರಯಾಣಿಕರಿಗೆ ತೊಂದರೆ ಎಂದು ಟೋಪಿಯವನೊಬ್ಬ ಬಂದು ಮೆತ್ತಗೆ ಹೇಳಿ ಹೋದ. ನನಗೆ ಅಳು ಬಂದಿರಲೇ ಇಲ್ಲ. ಅವನು ಹೇಳಿದ ಮೇಲೆ ಬಂತು.

ನಾಯುಡು ಮೂವರನ್ನು ಕಟ್ಟಿಕೊಂಡು ಬಂದರು. ಎಲ್ಲರ ಹೆಗಲ ಮೇಲೂ ಟವಲು. ಹೆಣ ಹೊರಲು ಬಂದಿದ್ದರು. ಐಸಿನ ಮೇಲೆ ಎಷ್ಟೇ ಸಿಟ್ಟಿದ್ದರೂ ಹೆಗಲು ಕೊಡುವುದು ಬಿಡಬಾರದು ಎಂದು ಬಂದಿದ್ದರು. ಅದರ ಅಗತ್ಯ ಬೀಳಲಿಲ್ಲ. ಚಕ್ರದ ಮಂಚ ಬಂತು. ಅಕ್ಕನನ್ನು ಅದಕ್ಕೆ ಜರುಗಿಸಿ, ಬಿಳಿ ಬಟ್ಟೆ ಮುಚ್ಚಿ, ಸಾಮಾನಿನ ಲಿಫ್ಟಿನೊಳಗೆ ತಳ್ಳಿದರು. ನಾಲ್ವರು ಗಂಡಸರು ಹೆಗಲ ಮೇಲೆ ಟವಲು ಹಾಕಿಕೊಂಡು ಮುಚ್ಚಿದ ಬಾಗಿಲು ನೋಡುತ್ತಾ ನಿಂತರು. ಕೆಳಗೆ ಹೋಗಲು ಯಾರನ್ನೂ ಬಿಡಲಿಲ್ಲ, ನನ್ನನ್ನೂ.

ಸರೋಜ ಮಗುವನ್ನು ಕರೆದುಕೊಂಡು ಬೇರೆ ಕೋಣೆಗೆ ಹೋದಳು. ಸೂತಕದ ಕೋಣೆಯಲ್ಲಿ ಎಳೆಯ ಮಗುವನ್ನು ಇರಿಸುವುದು ಸರಿಯಲ್ಲ, ನಾನಾಗಿದ್ದರೂ ಹೋಗುತ್ತಿದ್ದೆ. ಸಂಜೆ ಮಗುವನ್ನು ಯಾರ ಕೈಗೋ ಕೊಟ್ಟು ಒಬ್ಬಳೇ ಬಂದು ನನ್ನ ಪಕ್ಕ ಕೂತಳು. ಈ ಹಡಗು ಚೆನ್ನಾಗಿದೆ ಎಂದು ಇನ್ನು ಮೇಲೆ ಹೇಳಲ್ಲ ಅಜ್ಜಿ ಎಂದಳು. ಹೇಳು, ಚೆನ್ನಾಗೇ ಇದೆ ಎಂದೆ. ಅಕ್ಕ ಹೇಳಿ ಹೋದ ಮಾತನ್ನು ನಾನೇಕೆ ಸುಳ್ಳು ಮಾಡಲಿ.

ಪಿನಾಂಗು

ಅಕ್ಕನ ಮಗ ವೆಂಕಟೇಶ ಗಾಲಿ ಕುರ್ಚಿ ತಳ್ಳಿಕೊಂಡು ಬಂದಿದ್ದ. ಕುರ್ಚಿಯ ಕೈಗೆ ಮಲ್ಲಿಗೆ ಸುತ್ತಿದ್ದ. ಅವನಿಗೆ ವಿಷಯ ಗೊತ್ತಿರಲಿಲ್ಲ. ನಾನೇ ಹೇಳಿದೆ. ಬೇರೆ ಯಾರು ಹೇಳಬೇಕು.

ಪಿನಾಂಗು ಚೊಕ್ಕಟವಾದ ಊರು. ರಸ್ತೆಯಲ್ಲಿ ಒಂದು ಸಗಣಿ ಇಲ್ಲ. ಚೀನೀಯರು ಬೆಳಿಗ್ಗೆಯೇ ಬೀದಿಯಲ್ಲಿ ನಿಂತು ಗಂಜಿ ಕುಡಿಯುತ್ತಾರೆ. ಅವರ ಅಂಗಡಿ ಮುಂದೆಯೂ ಊದುಬತ್ತಿ ಉರಿಯುತ್ತದೆ, ಅದೊಂದು ನಮ್ಮ ಹಾಗೆ. ಕಾಗದಪತ್ರದ ಕೆಲಸ ಮುಗಿಯುವ ತನಕ ನಾನು ಅದನ್ನೆಲ್ಲ ನೋಡುತ್ತಾ ಕೂತಿದ್ದೆ. ಹಡಗಿನವರು ಹೇಳಿದ ಮಾತು ಉಳಿಸಿಕೊಂಡರು. ಅಕ್ಕನನ್ನು ಇಳಿಸಿದರು. ಮುಖ ಕೆಟ್ಟಿರಲಿಲ್ಲ, ನಿದ್ದೆಯಲ್ಲಿದ್ದ ಹಾಗೆ ಇದ್ದಳು. ಇನ್ನು ತೋಟಕ್ಕೆ ಒಯ್ದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ವೆಂಕಟೇಶನ ಮನೆ ಎತ್ತರದ ಕಟ್ಟಡದಲ್ಲಿ. ಹೂಳುವ ಗುದ್ದು ತೋಡಲು ತೋಟಕ್ಕೆ ಆಳು ಕಳಿಸಿದೆಯೇನಪ್ಪಾ ಎಂದು ಕೇಳಿದೆ. ಅವನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು.

"ತೋಟದಾಗೆ ಜಾಗ ಇಲ್ಲ ಚಿಕ್ಕಮ್ಮ."

"ನಿಮ್ಮಪ್ಪನ ಪಕ್ಕದಲ್ಲಿ ಬಿಟ್ಟವ್ರಂತಲ್ಲೋ."

"ಅಪ್ಪಂದೇ ಇಲ್ಲ" ಎಂದ.

ತೋಟ ಬೇರೆಯವರ ಕೈಗೆ ಹೋಗಿ ಆಗಲೇ ಬಹಳ ಕಾಲವಾಗಿತ್ತು. ಹೊಸಬರು ರಬ್ಬರು ಕಡಿದು ಎಣ್ಣೆ ತಾಳೆ ಹಾಕಿದರು. ಸುಡುಗಾಡನ್ನೂ ಸೇರಿಸಿ ಉತ್ತುಬಿಟ್ಟರು. ಅಕ್ಕ ಊರಿಗೆ ಹೊರಡುವ ಹೊತ್ತಿಗೆ ಇವನಿಗೆ ಅದು ತಿಳಿದಿತ್ತು.

"ನಿಮ್ಮಮ್ಮಂಗೆ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಅವ್ವ ಊರಿಂದ ವಾಪಸು ಬತ್ತಿರಲಿಲ್ಲ ಚಿಕ್ಕಮ್ಮ. ನಂಗೆ ಇಲ್ಲಿ ಇನ್ಯಾರವ್ರೆ?"

ಅವನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಅವ್ವ ಮನೆಗೆ ಬರಲಿ ಎಂದುಕೊಂಡ ಮಗ ಅವನು. ಅವಳು ಬಂದದ್ದು ಹೆಣದ ಪಕ್ಕ ಮಲಗಲು. ಹೇಳಿದ್ದರೆ ಅವಳು ಬೈದುಕೊಂಡಾದರೂ ಕ್ಯಾಲನೂರಿನಲ್ಲೇ ಉಳಿಯುತ್ತಿ​ದ್ದಳು. ಹುರುಳಿ ಹೊಲದ ಮೂಲೆಯಲ್ಲಿ ಜಾಗ ಇತ್ತು.

ಊರೊಳಗೆ ಹೂಳಲು ಜಾಗ ಸಿಗುವುದಿಲ್ಲ, ಈಗ ನಮ್ಮವರೆಲ್ಲ ಸುಡುವುದೇ ಎಂದ. ಎಲ್ಲಿಯಾದರೂ ಆರಡಿ ನೋಡು ಎಂದೆ. ಎರಡು ಕಡೆ ಹೋಗಿ ಕೇಳಿ ಬಂದ. ಇಲ್ಲ ಎಂದರಂತೆ. ಸುಟ್ಟರು. ಮಾರನೇ ಬೆಳಿಗ್ಗೆ ಮಡಕೆಯಲ್ಲಿ ಬೂದಿ ಕೊಟ್ಟರು. ಅದನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಇಲ್ಲಿ ಎಲ್ಲರೂ ದೋಣಿಯಲ್ಲಿ ಹೋಗಿ ಸಮುದ್ರಕ್ಕೆ ಬಿಡುತ್ತಾರೆ ಎಂದ.

"ಹಂಗಾದ್ರೆ ಹಡಗಿನೋರೇ ಹಾಕ್ತಿದ್ರಲ್ಲೋ" ಎಂದೆ.

ಅವನು ಗೋಡೆಗೆ ಹಣೆ ಒತ್ತಿಕೊಂಡು ಅತ್ತ. ಮಡಕೆಯನ್ನು ಊರಿಗೆ ಒಯ್ಯುತ್ತೇನೆ ಎನ್ನಲು ನನ್ನ ಬಾಯಿಗೆ ಬಂದಿತ್ತು. ಹೆತ್ತ ಮಗನ ಕೈಯಿಂದ ಅದನ್ನೂ ಕಿತ್ತುಕೊಳ್ಳಲು ಆಗಲಿಲ್ಲ. ದೋಣಿಗೆ ನಾನೂ ಹೋದೆ. ಬೂದಿ ನೀರಿನ ಮೇಲೆ ಸ್ವಲ್ಪ ಹೊತ್ತು ಇತ್ತು, ಆಮೇಲೆ ಇರಲಿಲ್ಲ.

ತೋಟ

ಸುಟ್ಟ ಮೂರನೇ ದಿನ ವೆಂಕಟೇಶ ತಾನೇ ಹಾಲು ತುಪ್ಪ ತಂದು, ತೋಟಕ್ಕೆ ಹೋಗೋಣ ಚಿಕ್ಕಮ್ಮ, ಅಪ್ಪ ಇದ್ದ ಕಡೆ ಬಿಟ್ಟು ಬರೋಣ ಎಂದ. ಹೋದೆವು. ಎಣ್ಣೆ ತಾಳೆ ಕುಳ್ಳಗೆ, ದಪ್ಪಗೆ, ಸಾಲು ಸಾಲಾಗಿ ನಿಂತಿತ್ತು. ಎಲ್ಲಿ ನಿಂತು ನೋಡಿದರೂ ಒಂದೇ. ಕೆಳಗೆ ನೆರಳು, ಕಳೆ, ಬಿದ್ದ ಗರಿ. ಅವನು ಒಂದು ಮರದ ಬುಡ ತೋರಿಸಿ, ಇಲ್ಲೇ ಎಂದ. ನಾಲ್ಕು ಹೆಜ್ಜೆ ಹೋಗಿ, ಅಲ್ಲ, ಇಲ್ಲಿರಬೇಕು ಎಂದ. ಆಮೇಲೆ ದಾರಿಯ ಆಚೆ ಬದಿಗೂ ಹೋಗಿ ನೋಡಿದ. ಹಿಂದೆ ಬಾವಿ ಇತ್ತು, ಅದು ಸಿಕ್ಕರೆ ಹೇಳಬಹುದು ಎಂದ. ಬಾವಿ ಸಿಗಲಿಲ್ಲ.

ಎಲ್ಲಾದರೂ ಬಿಡೋಣ ಎಂದ. ಗೊತ್ತಿಲ್ಲದ ಮರಕ್ಕೆ ನಾನು ಹಾಲು ಹೊಯ್ಯುವುದಿಲ್ಲ ಎಂದೆ. ಮನೆಗೆ ಬಂದ ಮೇಲೆ ಆ ಹಾಲನ್ನು ಕಾಫಿಗೆ ಹಾಕಲು ಅವನ ಹೆಂಡತಿಗೆ ಹೇಳಿದೆ. ಮೂವರೂ ಕುಡಿದೆವು.

ವಾಪಸು

ಹೋದ ಹಡಗಿನಲ್ಲೇ ಬಂದೆ, ಬೇರೆ ಇರಲಿಲ್ಲ. ಬರುವಾಗ ಪೀಟರು ನನಗೆ ದಪ್ಪ ಕಂಬಳಿ ತಂದುಕೊಟ್ಟ. ಹೊಸ್ತಿಲಿಗೆ ನಾನು ಏನೂ ಬಳಿಯಲಿಲ್ಲ. ಊಟ ಮಾಡಿದೆ, ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತು.

ಊರಿಗೆ ಬಂದ ದಿನ ಮನೆ ತುಂಬ ಜನ. ಎಲ್ಲಿ ಮಣ್ಣು ಮಾಡಿದಿರಿ ಎಂದು ತಮ್ಮ ಕೇಳಿದ. ಸಮುದ್ರದಲ್ಲಿ ಎಂದೆ. ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಆ ಹಾಳು ಹೊಸ ಹಡಗು, ಹಳೇದಾಗಿದ್ದರೆ ನಾಲ್ಕು ಜನ ತಡೆಯುತ್ತಿದ್ದರು, ಕಂಪನಿಯವರಿಗೆ ಕರುಳಿಲ್ಲ ಎಂದರು. ಹಡಗನ್ನೇ ನೋಡದವರು ಹಳೇ ಹಡಗನ್ನು ಹೊಗಳಿದರು.

ಹಡಗು ಹಾಕಲಿಲ್ಲ ಎಂದು ಹೇಳಿದೆ. ಹಡಗು ಅವಳನ್ನು ಜೋಪಾನವಾಗಿ ದಡಕ್ಕೆ ತಲುಪಿಸಿತು, ನೀರಿಗೆ ಹಾಕಿದ್ದು ನಾವು, ನಾನೂ ದೋಣಿಯಲ್ಲಿದ್ದೆ ಎಂದು ಬಿಡಿಸಿ ಹೇಳಿದೆ. ಕೇಳಿದರು, ತಲೆ ಆಡಿಸಿದರು. ಮಾರನೇ ದಿನ ಡೈರಿ ಹತ್ತಿರ ಮತ್ತೆ ಹಡಗನ್ನೇ ಬೈಯುತ್ತಿದ್ದರು. ವೆಂಕಟೇಶನನ್ನು ಬೈಯಲು ಅವರಿಗೆ ಮನಸ್ಸಿಲ್ಲ, ನನ್ನನ್ನು ಬೈಯಲು ಧೈರ್ಯವಿಲ್ಲ. ಹಡಗಾದರೆ ದೂರದಲ್ಲಿದೆ.

ಈಗಲೂ ಬೈಯುತ್ತಾರೆ. ನಾನು ಹಾಲು ಅಳೆದು ಕೊಟ್ಟು ಮನೆಗೆ ಬರುತ್ತೇನೆ.